ಕತ್ತರಿಯಕ್ಕನ ಹೊಟ್ಟೆಯ ಸಂಗತಿ

ಶಾಲೆಯ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮಾಲೀಕನಿಂದ ಹಿಡಿದು ನೆಲ ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ ಅವಳು ಕತ್ತರಿಯಕ್ಕ. ಇಪ್ಪತ್ತೊಂಬತ್ತು ವರ್ಷಗಳಿಂದ ಅವಳದು ಒಂದೇ ಮೇಜು. ಮೂವತ್ತು ಅಡಿ ಉದ್ದದ ಆ ಮೇಜಿನ ಮೇಲೆ ನೀಲಿ ಬಟ್ಟೆಯನ್ನು ಅರವತ್ತು ಪದರ ಹಾಸಿ, ಮೇಲೆ ರಟ್ಟಿನ ಅಚ್ಚುಗಳನ್ನಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಉಕ್ಕಿನ ಬಲೆಯ ಕೈಗವಸು ತೊಟ್ಟ ಎಡಗೈಯಿಂದ ಅದುಮಿ ಹಿಡಿದು, ಬಲಗೈಯಲ್ಲಿ ಕತ್ತರಿಸುವ ಯಂತ್ರ ನಡೆಸಿದಳೆಂದರೆ ಅರವತ್ತು ಮಕ್ಕಳ ಅಂಗಿಯ ತೋಳು ಒಂದೇ ಸಲಕ್ಕೆ ಬಿಡಿಸಿಕೊಂಡು ಬರುತ್ತಿದ್ದವು. ಒಂದು ಕೂದಲೆಳೆಯಷ್ಟು ಕೈ ಜಾರಿದರೂ ಅರವತ್ತೂ ಹಾಳು. ಅವಳ ಕೈ ಜಾರಿದ್ದನ್ನು ಕಂಡವರಿಲ್ಲ.

ಆಳು ದೊಡ್ಡವಳು. ನೂರಾ ನಾಲ್ಕು ಕಿಲೋ. ಅದರ ಬಗ್ಗೆ ಅವಳಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. "ಈ ಮೇಜು ಇಷ್ಟು ವರ್ಷ ಅಲುಗಾಡದೆ ನಿಂತಿರೋದು ಯಾಕೆ ಅಂದ್ಕೊಂಡ್ರಿ? ಈ ಕಡೆಯಿಂದ ನಾನು ಒರಗಿಕೊಂಡು ನಿಂತಿದ್ದೀನಲ್ಲ, ಅದಕ್ಕೆ" ಎಂದು ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸರಿಗೆ ಹೇಳಿ ನಗಿಸುತ್ತಿದ್ದಳು. ತಿನ್ನುವುದೆಂದರೆ ಅವಳಿಗೆ ಪ್ರಾಣ. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ನಾಲ್ಕು ಅಂತಸ್ತಿನ ಡಬ್ಬಿ ಬಿಚ್ಚಿ ಕೂತರೆ ಸುತ್ತ ಕೂತವರಿಗೂ ಹಸಿವು ಕೆರಳಬೇಕು, ಹಾಗೆ ಉಣ್ಣುವವಳು.

ಮನೆಯಲ್ಲಿದ್ದವರು ಇಬ್ಬರೇ, ಅವಳು ಮತ್ತು ಅವಳ ತಮ್ಮ. ಅವ್ವ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ಅವನಿಗೆ ಆರು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ತಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡೇ ಬದುಕು ಸಾಗಿಸಿದವಳು. ಮದುವೆಯ ಮಾತು ಎರಡು ಸಲ ಬಾಗಿಲವರೆಗೆ ಬಂದು, ತಮ್ಮನೂ ಜೊತೆಗೆ ಬರುತ್ತಾನೆ ಎಂಬ ಷರತ್ತು ಕೇಳಿ ಬಂದ ದಾರಿಯಲ್ಲೇ ತಿರುಗಿತ್ತು. ಅವನು ಬೆಳೆದು ಅದೇ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್ ಆದ. ಮಾತು ಕಡಿಮೆ, ಕಿವಿ ಚುರುಕು. ನಲವತ್ತು ಯಂತ್ರಗಳು ಒಟ್ಟಿಗೆ ಓಡುತ್ತಿದ್ದರೂ ಯಾವುದರ ಸದ್ದು ಕೆಟ್ಟಿದೆ ಎಂದು ಬಾಗಿಲಲ್ಲೇ ನಿಂತು ಹೇಳಬಲ್ಲ. ಮೂವತ್ತಾರು ದಾಟಿದ ಗಂಡಸನ್ನು ಅಕ್ಕ ಇನ್ನೂ ಎಲ್ಲರೆದುರೂ "ಪುಟ್ಟಾ" ಎಂದು ಕೂಗುತ್ತಿದ್ದಳು, ಅವನು ಮುಖ ಕೆಂಪು ಮಾಡಿಕೊಂಡು ಓಗೊಡುತ್ತಿದ್ದ.

ಆ ಪುಟ್ಟನ ಎರಡೂ ಕಿಡ್ನಿಗಳು ಕೈಕೊಟ್ಟವು. ಮೊದಲು ಕಾಲು ಊದಿತು, ಆಮೇಲೆ ಮುಖ. ಯಂತ್ರದ ಮುಂದೆ ಕೂತಲ್ಲೇ ಉಸಿರು ಸಿಕ್ಕಿಕೊಂಡ ದಿನ ಆಸ್ಪತ್ರೆಗೆ ಒಯ್ದರೆ, ಇನ್ನು ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಎಂದರು. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ರಕ್ತ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುತ್ತಿತ್ತು. ಸೂಜಿ ಚುಚ್ಚಲೆಂದು ಅವನ ಎಡ ಮುಂಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ರಕ್ತದ ಓಟ ಗುಂಯ್‌ಗುಡುತ್ತಿತ್ತು. ಅಕ್ಕ ದಿನಾ ಬೆಳಿಗ್ಗೆ ಅಲ್ಲಿ ಬೆರಳಿಟ್ಟು ನೋಡಿಯೇ ಒಲೆ ಹಚ್ಚುತ್ತಿದ್ದಳು.

ಅಡುಗೆಮನೆಯ ರೀತಿಯೇ ಬದಲಾಯಿತು. ಕಿಡ್ನಿಗೆ ಭಾರವಾಗುವ ಅಂಶ ಇಳಿದುಹೋಗಲೆಂದು ತರಕಾರಿಯನ್ನು ಹೆಚ್ಚಿ ನೆನೆಸಿ, ಬೇಯಿಸಿ, ಆ ನೀರು ಬಸಿದು ಚೆಲ್ಲಿ, ಮತ್ತೆ ಬೇಯಿಸಬೇಕು. ಕಾಳು ಕಡಿಮೆ, ಹಣ್ಣು ಕಡಿಮೆ, ಸೊಪ್ಪು ಕಡಿಮೆ. ತವುಡಿರುವ ಬ್ರೆಡ್ಡಿನ ಬದಲು ಬಿಳಿಯದು. ಎಲ್ಲಕ್ಕಿಂತ ಕಠಿಣವಾದದ್ದು ನೀರು. ದಿನಕ್ಕೆ ಮುಕ್ಕಾಲು ಲೀಟರು, ಕಾಫಿ, ಗಂಜಿ, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ. ಬೇಸಿಗೆಯಲ್ಲಿ ಅವನು ಮಂಜುಗಡ್ಡೆಯ ಚೂರೊಂದನ್ನು ಬಾಯಲ್ಲಿಟ್ಟುಕೊಂಡು, ಅದು ಕರಗದಿರಲಿ ಎನ್ನುವಂತೆ ನಾಲಿಗೆ ಆಡಿಸದೆ ಕೂತಿರುತ್ತಿದ್ದ.

ಒಂದು ದಿನ ಕೆಲಸದಿಂದ ಬಂದವಳೇ ಲೋಟಕ್ಕೆ ತಣ್ಣೀರು ತುಂಬಿಕೊಂಡು ಗಟಗಟನೆ ಕುಡಿದಳು. ಕೆಳಗಿಡುವಾಗ ನೋಡಿದರೆ ತಮ್ಮ ಅವಳ ಗಂಟಲನ್ನೇ ನೋಡುತ್ತಿದ್ದ. ತಟ್ಟನೆ ಮುಖ ತಿರುಗಿಸಿಕೊಂಡ. ಅಂದಿನಿಂದ ಅವನೆದುರು ಅವಳು ನೀರು ಕುಡಿಯಲಿಲ್ಲ. ಕಾರ್ಖಾನೆಯಲ್ಲಿ ಕುಡಿಯೋಣವೆಂದರೆ ಅಲ್ಲಿ ಅರವತ್ತು ಜನಕ್ಕೆ ಎರಡು ಶೌಚಾಲಯ, ಮೇಲ್ವಿಚಾರಕಿಯ ಕಣ್ಣು ಗಡಿಯಾರದ ಮೇಲೆ. ಅಲ್ಲಿನ ಹೆಂಗಸರೆಲ್ಲ ಬಾಯಾರಿಕೆಯನ್ನು ನುಂಗಿಕೊಂಡೇ ಬಾಳುವೆ ಮಾಡಿದವರು. ಊಟವೂ ಅಷ್ಟೇ. ಒಂದೇ ಒಲೆ, ಒಂದೇ ಪಾತ್ರೆ. ಅವನಿಗೆ ಬಸಿದದ್ದನ್ನೇ ಅವಳೂ ಉಂಡಳು. ತಾನೊಬ್ಬಳೇ ಬೇರೆ ಮಾಡಿಕೊಂಡು ಉಣ್ಣುವುದು ಅವಳ ಜಾಯಮಾನದಲ್ಲಿ ಇರಲಿಲ್ಲ.

ಕಿಡ್ನಿ ಕೊಡುವ ಮಾತು ಅವಳೇ ಎತ್ತಿದಳು. ರಕ್ತ ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ಕಸಿ ವಿಭಾಗದ ಡಾಕ್ಟರಮ್ಮ ಕಡತ ಮುಚ್ಚಿ, ಕನ್ನಡಕ ತೆಗೆದು, ನಿಧಾನವಾಗಿ ಹೇಳಿದರು: "ನಿಮ್ಮ ಕಿಡ್ನಿ ಚೆನ್ನಾಗಿದೆ. ಆದರೆ ಈ ತೂಕದಲ್ಲಿ ನಿಮ್ಮನ್ನ ಟೇಬಲ್ ಮೇಲೆ ಮಲಗಿಸೋಕೆ ನನಗೆ ಧೈರ್ಯ ಇಲ್ಲ. ಒಂದು ಕಿಡ್ನಿ ಇಟ್ಕೊಂಡು ಮುಂದೆ ನೀವೂ ಬದುಕಬೇಕಲ್ಲ. ಎಂಬತ್ತಾರಕ್ಕೆ ಇಳಿದು ಬನ್ನಿ."

ಹದಿನೆಂಟು ಕಿಲೋ. ಕತ್ತರಿಯಕ್ಕ ಒಂದು ವರ್ಷ ಹೆಣಗಿದಳು. ಬಸ್ಸು ಬಿಟ್ಟು ನಡೆದಳು, ಸಂಜೆಯ ಊಟ ಬಿಟ್ಟಳು. ನಾಲ್ಕು ಕಿಲೋ ಇಳಿದು, ಐದು ಏರಿತು. ಆಗ ಡಾಕ್ಟರಮ್ಮ ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವ, ಹಸಿವು ತಗ್ಗಿಸುವ ಇಂಜೆಕ್ಷನ್ ಬರೆದುಕೊಟ್ಟರು. ಪೆನ್ನಿನಂಥ ಅದನ್ನು ಹಿಡಿಯುವ ಬಗೆಯನ್ನು ನರ್ಸು ತೋರಿಸಿಕೊಟ್ಟಳು. ಜೊತೆಗೆ ಒಂದು ಮಡಚಿದ ಕಾಗದ. "ನಾರಿರೋದನ್ನ ತಿನ್ನಿ, ನೀರು ಚೆನ್ನಾಗಿ ಕುಡೀರಿ, ಮಲ ಕಟ್ಟಿದ್ರೆ ಕೂಡಲೇ ಹೇಳಿ, ಎಲ್ಲಾ ಇದರಲ್ಲಿದೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಿನವರನ್ನು ಕರೆದಳು. ಕತ್ತರಿಯಕ್ಕ ತಲೆಯಾಡಿಸಿದಳು. ಆ ಕಾಗದ ಅವಳ ಅಚ್ಚುಗಳ ಕಟ್ಟಿನೊಳಗೆ ಸೇರಿ ಮರೆತುಹೋಯಿತು.

ಮೂರನೇ ವಾರಕ್ಕೆ ಹಸಿವು ಹೋಯಿತು. ಹೋಯಿತೆಂದರೆ, ಮನೆಯಲ್ಲಿ ಐವತ್ತು ವರ್ಷ ಜೊತೆಗಿದ್ದವರು ಹೇಳದೆ ಕೇಳದೆ ಎದ್ದು ಹೋದ ಹಾಗೆ. ಮಧ್ಯಾಹ್ನದ ಗಂಟೆ ಹೊಡೆದರೆ ಡಬ್ಬಿ ಬಿಚ್ಚಬೇಕೆಂದೇ ಅನ್ನಿಸದು. ನಾಲ್ಕು ತುತ್ತಿಗೆ ಎದೆಯವರೆಗೆ ತುಂಬಿದಂತೆ. ನಾಲ್ಕು ಅಂತಸ್ತಿನ ಡಬ್ಬಿ ಎರಡಾಯಿತು, ಎರಡು ಒಂದಾಯಿತು. ತೂಕ ಮಾತ್ರ ಇಳಿಯುತ್ತ ಬಂತು. ನೂರು, ತೊಂಬತ್ತೇಳು, ತೊಂಬತ್ತೈದು. ಗುಂಡಿ ಹಚ್ಚುವ ವಿಭಾಗದ ಹಿರಿಯಳನ್ನು ಎಲ್ಲರೂ ಗುಂಡಿಯಮ್ಮ ಎನ್ನುತ್ತಿದ್ದರು. ಅವಳು ಕಣ್ಣರಳಿಸಿ, "ಏನೇ ಇದು, ನಿನ್ನ ಹಿಂದೆ ಇರೋ ಗೋಡೆ ಕಾಣೋ ಹಾಗಾಯ್ತಲ್ಲೇ!" ಎಂದಳು. ಎಲ್ಲರೂ ನಕ್ಕರು. ಕತ್ತರಿಯಕ್ಕನೂ ನಕ್ಕಳು.

ಯಾರಿಗೂ ಹೇಳದ ಇನ್ನೊಂದು ಸಂಗತಿ ಇತ್ತು. ಮಲ ಸರಿಯಾಗಿ ಇಳಿಯುತ್ತಿರಲಿಲ್ಲ. ಮೊದಮೊದಲು ಮೂರು ದಿನಕ್ಕೊಮ್ಮೆ. ಆಮೇಲೆ ಐದು ದಿನ. ಆಮೇಲೆ ವಾರ. ಇಷ್ಟು ಕಡಿಮೆ ತಿಂದರೆ ಹೋಗುವುದಾದರೂ ಏನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತಿತ್ತು. ಬಚ್ಚಲಿನಲ್ಲಿ ಅರ್ಧ ಗಂಟೆ ಕೂತು, ಬೆವರಿ, ಬರಿಗೈಯಲ್ಲಿ ಎದ್ದು ಬರುತ್ತಿದ್ದಳು. ಹೊರಗೆ ತಮ್ಮ, "ಏನಕ್ಕಾ, ಹುಷಾರಿದ್ದೀಯಾ?" ಎಂದರೆ, "ಬಟ್ಟೆ ನೆನೆಸ್ತಿದ್ದೆ" ಎನ್ನುತ್ತಿದ್ದಳು.

ತಿಂಗಳ ತಪಾಸಣೆಯಲ್ಲಿ ಎಳೆ ವಯಸ್ಸಿನ ಡಾಕ್ಟರೊಬ್ಬ ಪಟ್ಟಿ ನೋಡಿಕೊಂಡು ಕೇಳಿದ: "ವಾಂತಿ?" "ಇಲ್ಲ." "ತಲೆಸುತ್ತು?" "ಇಲ್ಲ." "ಮೋಷನ್ ಸರಿಯಾಗಿ ಆಗ್ತಿದೆಯಾ?" ಪಕ್ಕದಲ್ಲೇ ತಮ್ಮ ಕೂತಿದ್ದ. ಎದುರಿಗೆ ಮಗನ ವಯಸ್ಸಿನ ಹುಡುಗ. ಜೊತೆಗೆ ಒಂದು ಭಯವೂ ಇತ್ತು. ಹೇಳಿದರೆ ಇಂಜೆಕ್ಷನ್ ನಿಲ್ಲಿಸಿಬಿಟ್ಟರೆ? ಇನ್ನು ಒಂಬತ್ತೇ ಕಿಲೋ ಬಾಕಿ. "ಆಗ್ತಿದೆ" ಎಂದಳು. ಅವನು ಟಿಕ್ ಹಾಕಿದ.

ಕೊನೆಗೆ ಬಾಯಿ ಬಿಟ್ಟಿದ್ದು ಗುಂಡಿಯಮ್ಮನ ಹತ್ತಿರ, ಅದೂ ಬೇರೆ ಯಾರಿಗೋ ಆದ ತೊಂದರೆ ಎಂಬಂತೆ. ಗುಂಡಿಯಮ್ಮ ಅಷ್ಟನ್ನೂ ಅರ್ಥ ಮಾಡಿಕೊಂಡು ಮರುದಿನ ಒಂದು ಡಬ್ಬ ತಂದುಕೊಟ್ಟಳು. ಯಾವುದೋ ಬೀಜದ ಸಿಪ್ಪೆಯ ಪುಡಿ, ಒದ್ದೆಯಾದರೆ ಲೋಳೆಯಂತೆ ಉಬ್ಬುವಂಥದ್ದು. "ನಾರು ಕಣೇ, ಬರೀ ನಾರು. ರಾತ್ರಿ ಒಂದು ಚಮಚ ತಗೋ, ಮೇಲೆ ನೀರು ಕುಡಿ. ಎಲ್ಲ ಗುಡಿಸಿಕೊಂಡು ಹೋಗುತ್ತೆ." ಕತ್ತರಿಯಕ್ಕನಿಗೆ ಆತುರ. ಒಂದರ ಬದಲು ಮೂರು ಚಮಚ ಹಾಕಿದಳು. ಅಡುಗೆಮನೆಯ ಬಾಗಿಲಲ್ಲಿ ತಮ್ಮ ಓಡಾಡುತ್ತಿದ್ದನೆಂದು ಅರ್ಧ ಲೋಟ ನೀರಿನಲ್ಲೇ ಕಲಸಿ ನುಂಗಿದಳು. ಹೀಗೆ ನಾಲ್ಕು ದಿನ.

ಐದನೇ ದಿನ ಬೆಳಗಿನ ಹನ್ನೊಂದರ ಹೊತ್ತಿಗೆ, ಅರವತ್ತು ಪದರ ಬಟ್ಟೆಯ ನಡುವೆ ಯಂತ್ರ ಹರಿಯುತ್ತಿದ್ದಾಗ, ಅವಳ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದಂತಾಯಿತು. ಅಷ್ಟರಲ್ಲೂ ಯಂತ್ರ ಆರಿಸಿದಳು. ಆಮೇಲೆ ಮೇಜಿಗೆ ಎರಡೂ ಕೈ ಊರಿ, ಬಗ್ಗಿ, ಹಸಿರು ವಾಂತಿ ಮಾಡಿಕೊಂಡು ನೆಲಕ್ಕೆ ಕುಸಿದಳು. ನಲವತ್ತು ಯಂತ್ರಗಳೂ ಒಂದೊಂದಾಗಿ ನಿಂತವು. ಮೂಲೆಯಲ್ಲಿ ಯಾವುದೋ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ತಮ್ಮ ಎಣ್ಣೆಗೈಯಲ್ಲೇ ಓಡಿಬಂದ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಕ್ಸ್‌ರೇ ತೆಗೆದರು. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಮಲ ಕಲ್ಲಿನಂತೆ ಕಟ್ಟಿಕೊಂಡಿತ್ತು. ಅದರ ಹಿಂದೆ ಆ ಪುಡಿ ಉಬ್ಬಿ, ನೀರು ಸಾಲದೆ ಅಂಟಿನ ಹಾಗೆ ಗಟ್ಟಿಯಾಗಿತ್ತು. ಅದೃಷ್ಟಕ್ಕೆ ಕರುಳು ಹರಿದಿರಲಿಲ್ಲ, ಕೊಯ್ಯಬೇಕಾಗಿ ಬರಲಿಲ್ಲ. ಕೈಗೆ ಸಲೈನ್ ಹಚ್ಚಿ, ಪರದೆ ಎಳೆದು, ನಡುವಯಸ್ಸಿನ ನರ್ಸೊಬ್ಬಳು ಕೈಗವಸು ಹಾಕಿಕೊಂಡಳು. "ಅಕ್ಕಾ, ಎಡಗಡೆಗೆ ತಿರುಗಿ ಮಲಗಿ. ನಾಚಿಕೊಳ್ಳಬೇಡಿ, ನನಗೆ ಇದು ದಿನದ ಕೆಲಸ" ಎಂದಳು. ಕತ್ತರಿಯಕ್ಕ ಗೋಡೆಯ ಕಡೆ ಮುಖ ಮಾಡಿ, ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವ್ವ ಸತ್ತ ಮೇಲೆ ಇನ್ನೊಬ್ಬರ ಕೈ ಅವಳ ಮೈಯನ್ನು ಹೀಗೆ ಮಗುವಿನದೆಂಬಂತೆ ಮುಟ್ಟಿರಲಿಲ್ಲ. ನೋವಿಗಿಂತ ಹೆಚ್ಚಾಗಿ ಅದಕ್ಕೇ ಅವಳು ಸದ್ದಿಲ್ಲದೆ ಅತ್ತಳು. ನರ್ಸು ಆ ಕಲ್ಲನ್ನು ಬೆರಳಿನಿಂದ ಚೂರುಚೂರಾಗಿ ತೆಗೆದು ಮುಗಿಸಿ, ಬಿಸಿನೀರಿನಲ್ಲಿ ಒರೆಸಿ, ಹೊದಿಕೆ ಸರಿಮಾಡಿ, ಏನೂ ಆಗಲೇ ಇಲ್ಲವೆಂಬಂತೆ, "ಹೊರಗೆ ಸೆಖೆ ಎಷ್ಟಿದೆ ನೋಡಿ" ಎಂದು ಕಿಟಕಿ ತೆರೆದಳು.

ಸಂಜೆ ಡಾಕ್ಟರಮ್ಮ ಬಂದರು. ರಕ್ತದ ವರದಿ ಕೈಯಲ್ಲಿತ್ತು.

"ಎಷ್ಟು ದಿನ ಆಗಿತ್ತು?"

"ಹನ್ನೊಂದು" ಎಂದಳು ಕತ್ತರಿಯಕ್ಕ.

"ದಿನಕ್ಕೆ ಎಷ್ಟು ನೀರು ಕುಡೀತಿದ್ರಿ?"

ಕತ್ತರಿಯಕ್ಕನ ಕಣ್ಣು ತಮ್ಮನ ಕಡೆ ಹೋಯಿತು. ತಮ್ಮ ಮಂಚದ ಕಾಲ ಬಳಿ ನಿಂತಿದ್ದ.

"ಎರಡು ಲೋಟ? ಮೂರು?"

"ಎರಡಿರಬಹುದು."

ಡಾಕ್ಟರಮ್ಮ ವರದಿಯನ್ನು ಮಡಚಿದರು. "ಮೈಯಲ್ಲಿ ನೀರೇ ಇಲ್ಲ ನಿಮಗೆ. ಕಿಡ್ನಿಯ ಲೆಕ್ಕ, ಅಂದ್ರೆ ಅದು ಸೋಸದೆ ರಕ್ತದಲ್ಲಿ ಉಳಿಸಿದ ಕಸ, ದುಪ್ಪಟ್ಟಾಗಿದೆ. ಯಾವ ಕಿಡ್ನಿ ತಮ್ಮನಿಗೆ ಕೊಡಬೇಕು ಅಂತ ಇಷ್ಟು ಕಷ್ಟಪಡ್ತಿದ್ದೀರೋ, ಅದನ್ನೇ ಒಣಗಿಸಿದ್ದೀರಿ. ಸಲೈನ್ ಹೋದ್ರೆ ಸರಿಯಾಗುತ್ತೆ ಅನ್ನೋ ನಂಬಿಕೆ ಇದೆ. ಆದರೆ ಮೂರು ತಿಂಗಳು ಕಸಿಯ ಮಾತೇ ಬೇಡ. ಇಂಜೆಕ್ಷನ್ ಈಗ ನಿಲ್ಲಿಸೋಣ."

ಅವರು ಹೋದ ಮೇಲೆ ತಮ್ಮ ಸ್ಟೂಲು ಎಳೆದುಕೊಂಡು ಕೂತ. ಅಂಗೈಯ ಎಣ್ಣೆಯ ಕಲೆ ತಿಕ್ಕುತ್ತ ಕೇಳಿದ.

"ನನ್ನೆದುರಿಗೆ ನೀನು ನೀರು ಕುಡಿದಿದ್ದು ಯಾವಾಗಕ್ಕಾ?"

"ಸುಮ್ನಿರು ಪುಟ್ಟಾ."

"ಎರಡು ವರ್ಷದ ಮೇಲಾಯ್ತು. ನನಗೆ ಗೊತ್ತಿತ್ತು. ನೀನು ಕಾರ್ಖಾನೆಯಲ್ಲಿ ಕುಡೀತೀಯ ಅಂದ್ಕೊಂಡಿದ್ದೆ."

"ನೀನು ಅಷ್ಟು ಬಾಯಾರಿ ಕೂತಿರ್ತೀಯ. ನಾನು ಎದುರಿಗೆ ನಿಂತು ಹೇಗೋ ಕುಡೀಲಿ?"

"ನಿನ್ನ ಬಾಯಿ ಒಣಗಿದ್ರೆ ನನ್ನದು ನೆನೆಯುತ್ತಾ?" ಅವನ ದನಿ ಮೊದಲ ಸಲ ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು. "ನೀನು ಆ ಮೇಜಿನ ಹತ್ರ ಬಿದ್ದಾಗ ನಾನು ಏನಂದ್ಕೊಂಡೆ ಗೊತ್ತಾ? ಮುಗೀತು, ಇವಳನ್ನ ನಾನೇ ತಿಂದುಬಿಟ್ಟೆ ಅಂತ."

ಅವಳು ಸಲೈನ್ ಹಚ್ಚಿದ್ದ ಕೈಯನ್ನು ನಿಧಾನವಾಗಿ ಎತ್ತಿ ಅವನ ತಲೆಯ ಮೇಲಿಟ್ಟಳು.

ಬಿಡುಗಡೆಯ ಮುಂಚೆ ಆಸ್ಪತ್ರೆಯ ಆಹಾರ ತಜ್ಞೆ ಬಂದು ಕೂತಳು. ವಾರ್ಡಿನವರೆಲ್ಲ ಅವಳನ್ನು ಊಟದ ಮೇಡಂ ಎನ್ನುತ್ತಿದ್ದರು. ಆತುರವಿಲ್ಲದ ಹೆಂಗಸು. ಕಾಗದ ಕೊಡಲಿಲ್ಲ. ಕುರ್ಚಿ ಹತ್ತಿರ ಎಳೆದು, "ನಿಮ್ಮ ಕೆಲಸ ಏನು?" ಎಂದು ಕೇಳಿ, ಮೇಜು, ಬಟ್ಟೆ, ಪದರ ಎಲ್ಲ ಕೇಳಿ ತಿಳಿದುಕೊಂಡ ಮೇಲೆ ಹೇಳಿದಳು:

"ನೋಡಿ ಅಕ್ಕಾ, ಈ ಔಷಧಿ ಹಸಿವನ್ನ ಮಾತ್ರ ಕಡಿಮೆ ಮಾಡಲ್ಲ. ಹೊಟ್ಟೆಯೊಳಗಿನ ನಡಿಗೆಯನ್ನೇ ನಿಧಾನ ಮಾಡುತ್ತೆ. ಬೆಳಿಗ್ಗೆ ತಿಂದಿದ್ದು ಮಧ್ಯಾಹ್ನವೂ ಅಲ್ಲೇ ಇರುತ್ತೆ. ನಿಧಾನವಾದಷ್ಟೂ ಕರುಳು ಅದರಲ್ಲಿರೋ ನೀರನ್ನ ಹೀರಿಕೊಳ್ತಾನೇ ಇರುತ್ತೆ. ನೀವು ತಿಂತಿದ್ದಿದ್ದೇ ನಾಲ್ಕು ತುತ್ತು. ಅದರಲ್ಲೂ ಬಿಳಿ ಬ್ರೆಡ್ಡು, ಬಸಿದ ತರಕಾರಿ. ನಾರೇ ಇಲ್ಲ. ಮಲಕ್ಕೆ ಮೈ ಬರೋದು ಎಲ್ಲಿಂದ?"

"ಆ ಪುಡಿ ನಾರೇ ಅಲ್ವಾ ಮೇಡಂ?"

"ನಾರೇ. ಆದರೆ ನೀರಿಲ್ಲದ ನಾರು ಸಿಮೆಂಟು. ನಡಿಗೆ ನಿಧಾನವಾಗಿರೋ ಹೊಟ್ಟೆಗೆ ಒಂದೇ ಸಲ ಮೂರು ಚಮಚ ಸುರಿದ್ರೆ ಅಲ್ಲೇ ಕೂತುಬಿಡುತ್ತೆ. ನಾರನ್ನ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಈ ವಾರ ಒಂದು ಸೇಬು, ಸಿಪ್ಪೆ ಸಮೇತ. ಮುಂದಿನ ವಾರ ಅದರ ಜೊತೆ ಒಂದು ಹಿಡಿ ಬೇಯಿಸಿದ ಕಾಳು. ಆಮೇಲೆ ಬಿಳಿ ಬ್ರೆಡ್ಡು ಬಿಟ್ಟು ತವುಡಿರೋದು. ಆಮೇಲೆ ಓಟ್ಸು. ದಿನಕ್ಕೆ ಐದು ಸಲ, ಪುಟ್ಟ ಪುಟ್ಟ ಊಟ. ಎರಡು ಲೀಟರ್ ನೀರು, ಒಂದೇ ಸಲ ಅಲ್ಲ, ಗುಟುಕು ಗುಟುಕು. ಊಟ ಆದ್ಮೇಲೆ ಹತ್ತು ನಿಮಿಷ ನಡೀಬೇಕು. ಮೂರು ದಿನ ಮೋಷನ್ ಆಗದಿದ್ರೆ ನಾಲ್ಕನೇ ದಿನ ನನಗೆ ಫೋನು. ಅದಕ್ಕೆ ಬೇರೆ ಔಷಧಿ ಇದೆ. ಮುಚ್ಚಿಟ್ಕೊಳ್ಳೋ ಅಂಥದ್ದಲ್ಲ ಇದು."

"ತಮ್ಮನಿಗೆ ಇದ್ಯಾವುದೂ ಆಗಲ್ವಲ್ಲ."

"ಅವರ ಹೊಟ್ಟೆ ಬೇರೆ, ನಿಮ್ಮ ಹೊಟ್ಟೆ ಬೇರೆ. ಒಂದೇ ಮನೇಲಿ ಎರಡು ಪಾತ್ರೆ ಇಡಿ. ಅದರಲ್ಲಿ ಪಾಪ ಏನಿದೆ?"

ಒಲೆಯ ಮೇಲೆ ಎರಡು ಪಾತ್ರೆ ಬಂದವು. ಮೊದಲ ದಿನ ಕಾಳಿನ ಬಟ್ಟಲು ಮುಂದಿಟ್ಟುಕೊಂಡು ಅವಳು ಕಳ್ಳಿಯ ಹಾಗೆ ಕೂತಿದ್ದಳು. ತಮ್ಮ ಎದುರು ಕುರ್ಚಿ ಎಳೆದು ಕೂತು, ಲೋಟಕ್ಕೆ ನೀರು ತುಂಬಿ ಅವಳ ಮುಂದೆ ದೂಡಿದ. "ಕುಡಿ. ನಾನು ನೋಡ್ಬೇಕು." ಅವಳು ಕಣ್ಣು ಮುಚ್ಚಿಕೊಂಡು ಕುಡಿದಳು. "ಕಣ್ಣು ಬಿಟ್ಕೊಂಡು ಕುಡಿ" ಎಂದ. ಅವಳಿಗೆ ನಗು ಬಂದು ನೀರು ಮೂಗಿಗೇರಿತು. ಕೆಮ್ಮಿ ಕೆಮ್ಮಿ ಇಬ್ಬರೂ ನಕ್ಕರು. ಕಾರ್ಖಾನೆಯಲ್ಲೂ ಅವನೇ ಮಾಲೀಕನ ಹತ್ತಿರ ಹೋದ. ಇಪ್ಪತ್ತು ವರ್ಷದಲ್ಲಿ ಏನನ್ನೂ ಕೇಳದವನು ಮೂರನೆಯ ಶೌಚಾಲಯ ಕೇಳಿದ, ಮತ್ತು ಅದು ಆಗುವವರೆಗೆ ಯಂತ್ರಗಳ ಸದ್ದು ತನಗೆ ಸರಿಯಾಗಿ ಕೇಳಿಸುವುದಿಲ್ಲ ಎಂದ. ಎರಡು ತಿಂಗಳಲ್ಲಿ ಕಟ್ಟಿಸಿದರು.

ಹೊಟ್ಟೆ ಒಂದೇ ದಿನಕ್ಕೆ ಸರಿಯಾಗಲಿಲ್ಲ. ಮೊದಲ ವಾರಗಳಲ್ಲಿ ಗಾಳಿ ತುಂಬಿ ಉಬ್ಬರಿಸಿತು. ಕಾಳು ಹೆಚ್ಚಾದ ದಿನ ಮೇಜಿನ ಹತ್ತಿರ ನಿಲ್ಲಲು ಅವಳಿಗೇ ಸಂಕೋಚ. "ಯಂತ್ರ ಸದ್ದು ಮಾಡುತ್ತಲ್ಲ, ಯಾರಿಗೂ ತಿಳಿಯಲ್ಲ ಬಿಡು" ಎಂದು ಗುಂಡಿಯಮ್ಮ ಧೈರ್ಯ ಹೇಳಿದಳು. ಪುಡಿ ಕೊಟ್ಟವಳು ತಾನೇ ಎಂದು ಆಕೆ ಒಂದು ವಾರ ಊಟ ಬಿಟ್ಟಿದ್ದಳು. "ನೀನು ಒಂದು ಚಮಚ ಅಂದಿದ್ದೆ, ಮೂರು ನುಂಗಿದ್ದು ನನ್ನ ಬುದ್ಧಿ" ಎಂದು ಕತ್ತರಿಯಕ್ಕನೇ ಅವಳ ಬಾಯಿಗೆ ತುತ್ತಿಟ್ಟಳು. ಕಿಡ್ನಿಯ ಲೆಕ್ಕ ಮೊದಲಿನ ಮಟ್ಟಕ್ಕೆ ಬಂತು. ಒಂದೂವರೆ ತಿಂಗಳ ಮೇಲೆ ಇಂಜೆಕ್ಷನ್ನನ್ನು ಎಲ್ಲಕ್ಕಿಂತ ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ತೂಕ ಈ ಸಲ ತಡೆದು ತಡೆದು ಇಳಿಯಿತು. ಅವಳು ಅವಸರ ಮಾಡಲಿಲ್ಲ. ಹತ್ತು ತಿಂಗಳು ಹಿಡಿದು ಎಂಬತ್ತಾರಕ್ಕೆ ಬಂದಳು.

ಕಸಿಯ ದಿನ ಗೊತ್ತಾಯಿತು. ಹೊಟ್ಟೆಯಲ್ಲಿ ಏನೂ ಉಳಿದಿರಬಾರದೆಂದು ಇಂಜೆಕ್ಷನ್ನನ್ನು ಕೆಲವು ವಾರ ಮೊದಲೇ ನಿಲ್ಲಿಸಿದರು. ಇನ್ನು ಒಂಬತ್ತು ದಿನ ಇರುವಾಗ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಿಂದ ಫೋನು ಬಂತು. ತಮ್ಮನ ಹೆಸರು ನಾಲ್ಕು ವರ್ಷದಿಂದ ಕಾಯುವವರ ಪಟ್ಟಿಯಲ್ಲಿತ್ತು, ಇಬ್ಬರೂ ಅದನ್ನು ಮರೆತೇಬಿಟ್ಟಿದ್ದರು. ಅಪಘಾತದಲ್ಲಿ ಮಿದುಳು ಸತ್ತ ಯಾರದೋ ಕಿಡ್ನಿ ಅವನಿಗೆ ಹೊಂದಿತ್ತು. ತಮ್ಮ ಸ್ಪೀಕರ್ ಹಾಕಿದ, ಡಾಕ್ಟರಮ್ಮನೇ ಮಾತಾಡಿದರು. "ಬದುಕಿರೋರ ಕಿಡ್ನಿ ಸಾಮಾನ್ಯವಾಗಿ ಹೆಚ್ಚು ವರ್ಷ ಬಾಳುತ್ತೆ. ನಿಮ್ಮಕ್ಕ ತಯಾರಾಗಿದ್ದಾರೆ. ಇದೂ ಒಳ್ಳೇ ಕಿಡ್ನಿಯೇ. ನಿರ್ಧಾರ ನಿಮ್ಮದು. ಅರ್ಧ ಗಂಟೇಲಿ ಹೇಳಿ."

ಅವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಬರ್ತೀನಿ ಡಾಕ್ಟರ್" ಎಂದ.

ಕತ್ತರಿಯಕ್ಕ ಓಟ್ಸಿನ ಪಾತ್ರೆಯಲ್ಲಿ ಸೌಟು ಹಿಡಿದು ನಿಂತಿದ್ದಳು. "ಅದೇನೋ ಹಾಗಂದ್ರೆ? ಒಂಬತ್ತು ದಿನ ಇತ್ತು. ಒಂಬತ್ತೇ ದಿನ! ನಾನು ಇಷ್ಟು ದಿನ ತಿಂದಿದ್ದು, ಬಿಟ್ಟಿದ್ದು, ಚುಚ್ಚಿಕೊಂಡಿದ್ದು, ಆ ಪರದೆ ಹಿಂದೆ ಮಲಗಿದ್ದು ಎಲ್ಲ ಯಾರಿಗೋಸ್ಕರ?"

"ನನಗೋಸ್ಕರ. ಅದಕ್ಕೇ ಸಾಕು ಅಂತಿರೋದು." ಅವನು ಅಂಗಿ ತೊಡುತ್ತಿದ್ದ. "ಇನ್ನೂ ಎಷ್ಟು ಕೊಡ್ತೀಯಕ್ಕಾ? ನೀನು ಆ ಮಂಚದ ಮೇಲೆ ಇದ್ದಿದ್ದು ನೋಡಿದೀನಿ. ಇನ್ನೊಂದ್ಸಲ ನಂಗಾಗಲ್ಲ."

ಕಸಿ ನಡೆಯಿತು. ಎರಡನೇ ದಿನ ಕಿಡ್ನಿ ಕೆಲಸ ಶುರು ಮಾಡಿತು. ಕತ್ತರಿಯಕ್ಕ ದಿನವೂ ಹೋಗಿ ಗಾಜಿನ ಆಚೆ ನಿಂತು ಅವನನ್ನು ನೋಡಿದಳು, ಕೈಯಾಡಿಸಿದಳು, ಮನೆಗೆ ಬಂದು ಸುಮ್ಮನೆ ಕೂತಳು. ಎಲ್ಲರೂ ಸಂತೋಷಪಟ್ಟರು. ಅವಳಿಗೂ ಸಂತೋಷವೇ. ಆದರೆ ಅದರಡಿಯಲ್ಲಿ ಹೆಸರು ಹೇಳಲಾಗದ ಒಂದು ಸಂಕಟ ಕೂತಿತ್ತು. ಯಾರಿಗೋ ಎಂದು ಅಳತೆ ತೆಗೆದು, ಕತ್ತರಿಸಿ, ಹೊಲಿದು, ಗುಂಡಿ ಹಚ್ಚಿ ಇಟ್ಟ ಬಟ್ಟೆಯನ್ನು ಅವರು ಬೇಡವೆಂದು ಹೋದ ಹಾಗೆ. ಇಂಥ ಹೊತ್ತಿನಲ್ಲಿ ಹೀಗೆ ಅನ್ನಿಸುವುದಕ್ಕೇ ನಾಚಿಕೆ. ಕಿಡ್ನಿ ಕೊಟ್ಟ ಆ ಇನ್ನೊಂದು ಮನೆಯೂ ನೆನಪಾಗುತ್ತಿತ್ತು. ಅಲ್ಲಿ ಒಲೆಯ ಮುಂದೆ ಇವತ್ತು ಯಾರು ನಿಂತಿದ್ದಾರೋ, ಯಾರ ಪಾಲಿನ ಊಟ ಮಿಕ್ಕಿದೆಯೋ.

ಕಸಿಯಾದ ಹನ್ನೊಂದನೇ ದಿನ, ಕಾರ್ಖಾನೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಅವಳಿಗೆ ಹಸಿವಾಯಿತು. ನಿಜವಾದ, ಹೊಟ್ಟೆ ಚುರುಗುಟ್ಟುವ ಹಸಿವು. ಮೇಜಿನ ಬಳಿಯೇ ನಿಂತು ಡಬ್ಬಿ ಬಿಚ್ಚಿ, ಕಾಳು, ಕ್ಯಾರೆಟ್ಟು, ತವುಡಿನ ಬ್ರೆಡ್ಡು ಎಲ್ಲವನ್ನೂ ತಿಂದು ಮುಗಿಸಿದಳು. ತಿನ್ನುತ್ತ ತಿನ್ನುತ್ತ ಗಳಗಳನೆ ಅತ್ತಳು. ಗುಂಡಿಯಮ್ಮ ಏನೂ ಕೇಳದೆ ಪಕ್ಕದಲ್ಲಿ ಬಂದು ನಿಂತುಕೊಂಡಳು.

ಆಮೇಲೆ ಡಾಕ್ಟರಮ್ಮನ ಜೊತೆ ಕೂತು ಮಾತಾಡಿದಳು. ಇಂಜೆಕ್ಷನ್ ಬಿಟ್ಟರೆ ತೂಕ ಮತ್ತೆ ಏರುವ ಸಂಭವವೇ ಹೆಚ್ಚು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮೊಣಕಾಲಿನ ನೋವು ಇಳಿದಿತ್ತು, ಉಸಿರು ಹಗುರವಾಗಿತ್ತು. ಸ್ವಲ್ಪ ದಿನ ಹಾಗೇ ನೋಡೋಣ ಎಂದಳು. ವರ್ಷದಲ್ಲಿ ಏಳು ಕಿಲೋ ವಾಪಸು ಬಂದವು. ಆಗ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದಳು. ಈ ಸಲ ತಮ್ಮನಿಗಾಗಿ ಎನ್ನಲು ಬರುವಂತಿರಲಿಲ್ಲ. ತನಗೆಂದೇ ಒಂದು ಔಷಧಿ ತೆಗೆದುಕೊಳ್ಳುವುದು ಅವಳಿಗೆ ಹೊಸದಾಗಿತ್ತು, ಮೊದಮೊದಲು ಕೈ ಹಿಂಜರಿಯುತ್ತಿತ್ತು.

ಊಟದ ಮೇಡಂ ಕೇಳಿಕೊಂಡಳೆಂದು ತಿಂಗಳಿಗೊಮ್ಮೆ ಗುರುವಾರ ಸಂಜೆ ಕತ್ತರಿಯಕ್ಕ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೋಣೆಗೆ ಹೋಗುತ್ತಾಳೆ. ಹೊಸದಾಗಿ ಇಂಜೆಕ್ಷನ್ ಶುರು ಮಾಡಿದವರು ಅಲ್ಲಿ ಗೋಡೆ ನೋಡುತ್ತ ಕೂತಿರುತ್ತಾರೆ. ಒಮ್ಮೆ ನಿವೃತ್ತ ಹೆಡ್‌ಮಾಸ್ಟರೊಬ್ಬರು ಬಂದಿದ್ದರು. ಇಸ್ತ್ರಿ ಮುರಿಯದ ಅಂಗಿ, ನೆಟ್ಟಗಿನ ಬೆನ್ನು. ಎಲ್ಲ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದರು. ಕತ್ತರಿಯಕ್ಕ ಅವರ ಪಕ್ಕದಲ್ಲಿ ಹೋಗಿ ಕೂತು, ತನಗೆ ಆದದ್ದನ್ನು ಕಲ್ಲು, ಪರದೆ, ನರ್ಸಿನ ಕೈ ಯಾವುದನ್ನೂ ಬಿಡದೆ, ಬಟ್ಟೆಯ ಅಳತೆ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಹೆಡ್‌ಮಾಸ್ಟರು ನೆಲ ನೋಡುತ್ತ ಕೇಳಿಸಿಕೊಂಡರು. ಕೊನೆಗೆ ತಗ್ಗಿದ ದನಿಯಲ್ಲಿ, "ಎಂಟು ದಿನ ಆಯ್ತಮ್ಮ" ಎಂದರು. ಅವಳು ಅವರನ್ನು ಕೈಹಿಡಿದು ಎಬ್ಬಿಸಿ ಮೇಡಂ ಹತ್ತಿರ ಕರೆದೊಯ್ದಳು.

ತಮ್ಮ ಈಗ ಪೂರ್ತಿ ಹೊತ್ತಿನ ಕೆಲಸಕ್ಕೆ ಬರುತ್ತಾನೆ. ನಡುವೆ ಒಂದು ಸಲ ಮೈ ಆ ಕಿಡ್ನಿಯನ್ನು ಒಲ್ಲೆನೆಂದು ಹಟ ಹಿಡಿದು, ಮೂರು ವಾರ ಆಸ್ಪತ್ರೆಯಲ್ಲಿಟ್ಟು ಹೇಗೋ ಒಪ್ಪಿಸಿದರು. ಆ ಮೂರು ವಾರ ಅಕ್ಕ, "ನನ್ನದಾಗಿದ್ರೆ ಹೀಗಾಗ್ತಿರಲಿಲ್ಲ" ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಅವಳೇ ತುಟಿ ಕಚ್ಚಿಕೊಂಡಳು.

ಕಿಡ್ನಿ ಕೊಟ್ಟ ಮನೆಯವರು ಯಾರೆಂದು ಆಸ್ಪತ್ರೆಯವರು ಹೇಳುವುದಿಲ್ಲ. ಹೆಸರು ಹಾಕದೆ ಒಂದು ಕಾಗದ ಬರೆದುಕೊಟ್ಟರೆ ತಲುಪಿಸುತ್ತೇವೆ ಎಂದರು. ಏಳನೇ ತರಗತಿಗೆ ಶಾಲೆ ಬಿಟ್ಟ ಕತ್ತರಿಯಕ್ಕ ಅದನ್ನು ಐದು ಸಲ ಬರೆದು ಹರಿದಳು. ಆರನೇ ಸಲದ್ದು ನಾಲ್ಕೇ ಸಾಲಿನದಾಗಿತ್ತು. ತಮ್ಮ ದಿನಾ ಕೆಲಸಕ್ಕೆ ಹೋಗುತ್ತಿದ್ದಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ, ನೀರು ಕುಡಿಯುತ್ತಾನೆ, ನಿಮ್ಮವರನ್ನು ಜೋಪಾನವಾಗಿ ನೋಡಿಕೊಳ್ಳುತ್ತಿದ್ದೇವೆ ಎಂದಷ್ಟೇ ಅದರಲ್ಲಿತ್ತು. ಕಾಗದ ಕೊಟ್ಟು ಒಂದೂವರೆ ವರ್ಷವಾಯಿತು. ಅದು ಅವರ ಕೈ ಸೇರಿತೋ, ಓದಿದರೋ, ಓದಲಾರದೆ ಮಡಚಿಟ್ಟರೋ ಗೊತ್ತಿಲ್ಲ. ಉತ್ತರ ಬಂದಿಲ್ಲ.